'ಬರ್ತೀನಿ ಅಂದಿದ್ದ' ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ? 'ಫ್ಯೂಚರ್ ಇನ್ ದ ಪಾಸ್ಟ್' ಹಂತ ಹಂತವಾಗಿ

'ಅವನು ಬರ್ತೀನಿ ಅಂತ ಹೇಳಿದ.' ಇಷ್ಟು ಸರಳ ವಾಕ್ಯ. ಇದನ್ನು ಇಂಗ್ಲಿಷ್‌ನಲ್ಲಿ ಹೇಳಿ ಅಂದರೆ ನಮ್ಮಲ್ಲಿ ಬಹಳ ಜನ 'ಹೀ ಟೋಲ್ಡ್ ಹೀ ವಿಲ್ ಕಮ್' ಅನ್ನುತ್ತಾರೆ. ಕೇಳಿದವರಿಗೆ ಅರ್ಥವಾಗುತ್ತದೆ, ಸಂಶಯವಿಲ್ಲ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ. ಸಣ್ಣದು 'ಟೋಲ್ಡ್'. ಆ ಪದ ಬಂದರೆ ಯಾರಿಗೆ ಹೇಳಿದ ಅನ್ನುವುದೂ ಬರಬೇಕು: 'ಟೋಲ್ಡ್ ಮಿ'. ಅದು ಬೇಡವಾದರೆ 'ಸೆಡ್' ಬಳಸಿ. ದೊಡ್ಡ ತಪ್ಪು 'ವಿಲ್'. ಅಲ್ಲಿ 'ವುಡ್' ಇರಬೇಕು: 'ಹೀ ಸೆಡ್ ಹೀ ವುಡ್ ಕಮ್.'

ಈ ತಪ್ಪು ಸುಮ್ನೆ ಆಗುವುದಲ್ಲ. ಕನ್ನಡದಲ್ಲಿ 'ಅಂತ' ಅಥವಾ 'ಎಂದು' ಇದ್ದರೆ ಸಾಕು, ಅದರ ಹಿಂದಿರುವ ಮಾತು ಆಡಿದವರ ಬಾಯಿಂದ ಬಂದ ಹಾಗೇ ಉಳಿಯುತ್ತದೆ. ಅವನು ನಿನ್ನೆ ಹೇಳಿರಲಿ, ಹತ್ತು ವರ್ಷದ ಹಿಂದೆ ಹೇಳಿರಲಿ, 'ಬರ್ತೀನಿ' ಬದಲಾಗುವುದಿಲ್ಲ. ಇಂಗ್ಲಿಷ್‌ನ ಪದ್ಧತಿ ಬೇರೆ. ಕಥೆ ಹೇಳುತ್ತಿರುವವರು ಈಗ ಎಲ್ಲಿ ನಿಂತಿದ್ದಾರೋ ಅಲ್ಲಿಂದ ಕಾಲದ ಲೆಕ್ಕ. 'ಸೆಡ್' ಅಂತ ಹಿಂದಕ್ಕೆ ಹೋದರೆ ಅದರ ಜೊತೆಗಿರುವ 'ವಿಲ್' ಕೂಡ ಹಿಂದಕ್ಕೆ ಸರಿಯಬೇಕು. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಮುಂದಿನದ್ದೆಲ್ಲ ಅದರಿಂದಲೇ ಬರುತ್ತದೆ.

ಇನ್ನೊಂದು ಮಾತು. 'ಫ್ಯೂಚರ್ ಇನ್ ದ ಪಾಸ್ಟ್' ಅನ್ನುವುದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹನ್ನೆರಡು ಟೆನ್ಸ್‌ಗಳ ಪಟ್ಟಿಯಲ್ಲಿ ಇರುವುದಿಲ್ಲ. ಇದು ಒಂದೇ ರೂಪವಲ್ಲ, ಒಂದು ಕೆಲಸ. ಹಿಂದಿನ ಒಂದು ಹೊತ್ತಿನಲ್ಲಿ ನಿಂತು, ಅದಕ್ಕೆ ಮುಂದಿದ್ದ ಸಂಗತಿಯನ್ನು ಹೇಳುವ ಕೆಲಸ. ಇದಕ್ಕೆ ಇಂಗ್ಲಿಷ್‌ನಲ್ಲಿ ನಾಲ್ಕೈದು ರೂಪಗಳಿವೆ.

ಮೊದಲ ಹೆಜ್ಜೆ: ಎರಡು ಹೊತ್ತು ಗುರುತಿಸಿ

ವಾಕ್ಯ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಹೇಳಿದ್ದು, ಅಂದುಕೊಂಡದ್ದು ಅಥವಾ ಯೋಜನೆ ಹಾಕಿದ್ದು ಯಾವಾಗ? ಆ ಕೆಲಸ ಆಗಬೇಕಿದ್ದದ್ದು ಯಾವಾಗ? ಮೊದಲನೆಯದು ಮುಗಿದುಹೋದ ಹೊತ್ತಾಗಿದ್ದು, ಎರಡನೆಯದು ಅದಕ್ಕಿಂತ ಮುಂದಿನದ್ದಾಗಿದ್ದರೆ ನಿಮಗೆ ಬೇಕಾದದ್ದು ಇದೇ.

'ಮಳೆ ಬರುತ್ತೆ ಅಂತ ನನಗೆ ಗೊತ್ತಿತ್ತು.' ಗೊತ್ತಿದ್ದದ್ದು ಆಗ. ಮಳೆ ಅದಕ್ಕೂ ಮುಂದೆ. 'ಐ ನ್ಯೂ ಇಟ್ ವುಡ್ ರೇನ್.' ಆ ಮಳೆ ಈಗಾಗಲೇ ಬಂದು ನಿಂತಿರಬಹುದು, ಬರದೇ ಹೋಗಿರಬಹುದು. ಆ ಹೊತ್ತಿನಿಂದ ನೋಡಿದಾಗ ಅದು ಮುಂದಿತ್ತು ಅನ್ನುವುದಷ್ಟೇ ಮುಖ್ಯ.

ಎರಡನೇ ಹೆಜ್ಜೆ: ಆಗ ಆಡಿದ ಮಾತನ್ನು ಬರೆದು, ಸಹಾಯಕ ಕ್ರಿಯಾಪದವನ್ನು ಮಾತ್ರ ಹಿಂದಕ್ಕೆ ತಳ್ಳಿ

ಆ ವ್ಯಕ್ತಿ ಆಗ ಏನಂತ ಹೇಳಿರಬಹುದೋ ಅದನ್ನು ಮೊದಲು ಇಂಗ್ಲಿಷ್‌ನಲ್ಲಿ ಬರೆದುಕೊಳ್ಳಿ: 'ಐ ವಿಲ್ ಹೆಲ್ಪ್ ಯೂ.' ಈಗ 'ವಿಲ್' ತೆಗೆದು 'ವುಡ್' ಹಾಕಿ. ಯಾರು ಯಾರಿಗೆ ಅನ್ನುವುದನ್ನು ನಿಮ್ಮ ಕಡೆಯಿಂದ ಸರಿಪಡಿಸಿ: 'ಶೀ ಸೆಡ್ ಶೀ ವುಡ್ ಹೆಲ್ಪ್ ಮಿ.' 'ಹೆಲ್ಪ್' ಹಾಗೇ ಉಳಿಯಿತು ನೋಡಿ. ಮುಖ್ಯ ಕ್ರಿಯಾಪದವನ್ನು ಮುಟ್ಟುವ ಹಾಗಿಲ್ಲ. 'ವುಡ್ ಹೆಲ್ಪ್ಡ್', 'ವುಡ್ ಹೆಲ್ಪ್ಸ್', 'ವುಡ್ ಟು ಹೆಲ್ಪ್' ಮೂರೂ ತಪ್ಪು. 'ವುಡ್' ಆದ ಮೇಲೆ ಕ್ರಿಯಾಪದದ ಮೊದಲ ರೂಪ, ಅಷ್ಟೇ.

ಉಳಿದ ರೂಪಗಳಿಗೂ ಇದೇ ದಾರಿ. 'ಆ್ಯಮ್ ಗೋಯಿಂಗ್ ಟು', 'ಈಸ್ ಗೋಯಿಂಗ್ ಟು' ಇದ್ದರೆ 'ವಾಸ್ ಗೋಯಿಂಗ್ ಟು' ಆಗುತ್ತದೆ. 'ಆರ್' ಇದ್ದರೆ ಸಾಮಾನ್ಯವಾಗಿ 'ವರ್'. 'ವಿಲ್ ಬಿ ವೇಟಿಂಗ್' ಇದ್ದದ್ದು 'ವುಡ್ ಬಿ ವೇಟಿಂಗ್' ಆಗುತ್ತದೆ. 'ವಿಲ್ ಹ್ಯಾವ್ ಫಿನಿಶ್ಡ್' ಇದ್ದದ್ದು 'ವುಡ್ ಹ್ಯಾವ್ ಫಿನಿಶ್ಡ್' ಆಗುತ್ತದೆ: 'ಹೀ ಸೆಡ್ ಹೀ ವುಡ್ ಹ್ಯಾವ್ ಫಿನಿಶ್ಡ್ ಬೈ ಸಿಕ್ಸ್', ಅಂದರೆ ಆರರೊಳಗೆ ಮುಗಿಸಿರ್ತೀನಿ ಅಂದ. ಇಲ್ಲವೆನ್ನಲು 'ವುಡಂಟ್', 'ವಾಸಂಟ್ ಗೋಯಿಂಗ್ ಟು'.

ಮಾತಿನಲ್ಲಿ 'ವುಡ್' ಪೂರ್ತಿ ಕೇಳಿಸುವುದು ಕಡಿಮೆ. 'ಹೀಡ್', 'ಶೀಡ್', 'ಐಡ್' ಅಂತ ಕೊನೆಯಲ್ಲಿ ಒಂದು 'ಡ್' ಮಾತ್ರ ಉಳಿಯುತ್ತದೆ. ತೊಂದರೆ ಏನೆಂದರೆ 'ಹ್ಯಾಡ್' ಕೂಡ ಹೀಗೇ ಕುಗ್ಗುತ್ತದೆ. ಮುಂದಿನ ಪದ ನೋಡಿ ತೀರ್ಮಾನ ಮಾಡಬೇಕು. ಮೊದಲ ರೂಪ ಬಂದರೆ 'ವುಡ್', ಮೂರನೇ ರೂಪ ಬಂದರೆ 'ಹ್ಯಾಡ್'. 'ಹೀಡ್ ಗೋ' ಅಂದರೆ ಹೋಗುತ್ತಾನೆ ಅಂತ, 'ಹೀಡ್ ಗಾನ್' ಅಂದರೆ ಹೋಗಿದ್ದ ಅಂತ. 'ಕಮ್', 'ರನ್', 'ಪುಟ್' ತರಹದ ಕೆಲವು ಪದಗಳಿಗೆ ಮೊದಲ ರೂಪವೂ ಮೂರನೇ ರೂಪವೂ ಒಂದೇ. ಅಲ್ಲಿ ಹಿಂದೆ ಮುಂದೆ ಇರುವ ಮಾತನ್ನೇ ನಂಬಬೇಕು.

ಮೂರನೇ ಹೆಜ್ಜೆ: ಯಾವ ರೂಪ ಅಂತ ಆರಿಸಿ

ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಎಲ್ಲ ಕಡೆ 'ವುಡ್' ಹಾಕಿದರೆ ನಡೆಯುವುದಿಲ್ಲ. ಸಂತೋಷದ ವಿಷಯ ಅಂದರೆ, ಈ ಬಗೆಯ ಸೂಕ್ಷ್ಮಗಳು ಕನ್ನಡದಲ್ಲೂ ಇವೆ. ನಾವು ದಿನಾ ಬಳಸುತ್ತೇವೆ, ಗಮನಿಸಿರುವುದಿಲ್ಲ.

'ನಿನಗೆ ಫೋನ್ ಮಾಡೋಣ ಅಂತಿದ್ದೆ, ಮರೆತೇಹೋಯ್ತು.' ಈ 'ಮಾಡೋಣ ಅಂತಿದ್ದೆ' ಅನ್ನುವುದಕ್ಕೆ ಸರಿಯಾದ ಜೋಡಿ 'ವಾಸ್ ಗೋಯಿಂಗ್ ಟು': 'ಐ ವಾಸ್ ಗೋಯಿಂಗ್ ಟು ಕಾಲ್ ಯೂ, ಬಟ್ ಐ ಫರ್ಗಾಟ್.' 'ಹೊರಡುವವಳಿದ್ದೆ', 'ಕೊಳ್ಳುವವರಿದ್ದರು' ಅನ್ನುವುದಕ್ಕೂ ಇದೇ. ಮನಸ್ಸಿನಲ್ಲಿ ಉದ್ದೇಶವಿತ್ತು, ಬಹುತೇಕ ನಡೆಯಲಿಲ್ಲ. ಈ ಜಾಗದಲ್ಲಿ 'ಐ ವುಡ್ ಕಾಲ್ ಯೂ, ಬಟ್ ಐ ಫರ್ಗಾಟ್' ಅಂದರೆ ತಪ್ಪು. ಏಕೆಂದರೆ ಇಂಥ ಮಾತಿನಲ್ಲಿ 'ವುಡ್' ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೂ ಮೊದಲು 'ಸೆಡ್', 'ಥಾಟ್', 'ನ್ಯೂ', 'ಹೋಪ್ಡ್', 'ಪ್ರಾಮಿಸ್ಡ್' ತರಹದ ಒಂದು ಪದ ಆಸರೆಯಾಗಿ ಬೇಕು. 'ಐ ಥಾಟ್ ಐ ವುಡ್ ಕಾಲ್ ಯೂ' ಅಂದರೆ ಸರಿಹೋಗುತ್ತದೆ.

'ವಾಸ್ ಗೋಯಿಂಗ್ ಟು' ಬಂದಾಗಲೆಲ್ಲ ಕೆಲಸ ಕೆಟ್ಟಿತು ಅಂತ ತಿಳಿಯಬೇಡಿ. ಕಣ್ಣಿಗೆ ಕಾಣುವ ಲಕ್ಷಣ ನೋಡಿ ಊಹಿಸಿದ್ದಕ್ಕೂ ಅದು ಬರುತ್ತದೆ. 'ದ ಸ್ಕೈ ವಾಸ್ ಡಾರ್ಕ್. ಇಟ್ ವಾಸ್ ಗೋಯಿಂಗ್ ಟು ರೇನ್.' ಮೋಡ ಕಟ್ಟಿತ್ತು, ಮಳೆ ಬರುವ ಹಾಗಿತ್ತು. ಬಂತೋ ಇಲ್ಲವೋ ಮುಂದಿನ ವಾಕ್ಯ ಹೇಳಬೇಕು.

'ವುಡ್' ಒಂಟಿಯಾಗಿ ನಿಲ್ಲುವ ಒಂದು ಸಂದರ್ಭವಿದೆ. ಚರಿತ್ರೆ, ಜೀವನಕಥೆ ಬರೆಯುವಾಗ, ಮುಂದೆ ನಿಜವಾಗಿಯೂ ಆದದ್ದನ್ನು ಮೊದಲೇ ಹೇಳಿಬಿಡುವುದು. 'ಇನ್ 1903, ಮೇರಿ ಕ್ಯೂರಿ ವನ್ ದ ನೊಬೆಲ್ ಪ್ರೈಸ್ ಇನ್ ಫಿಸಿಕ್ಸ್. ಏಯ್ಟ್ ಇಯರ್ಸ್ ಲೇಟರ್, ಶೀ ವುಡ್ ವಿನ್ ಅನದರ್, ಇನ್ ಕೆಮಿಸ್ಟ್ರಿ.' ಎಂಟು ವರ್ಷದ ನಂತರ, ಅಂದರೆ 1911ರಲ್ಲಿ, ಆಕೆ ರಸಾಯನಶಾಸ್ತ್ರದ ನೊಬೆಲನ್ನೂ ಪಡೆಯಲಿದ್ದರು. ಬರೆಯುವವರಿಗೆ ಗೊತ್ತು, 1903ರ ಕ್ಯೂರಿಗೆ ಗೊತ್ತಿಲ್ಲ. ಆ ಅಂತರವೇ ಈ ವಾಕ್ಯದ ಸೊಗಸು. ಆದರೆ ಕೆಲವು ಬರಹಗಾರರು ಪ್ರತಿ ಪ್ಯಾರಾದಲ್ಲೂ 'ವುಡ್ ಗೋ ಆನ್ ಟು' ಅಂತ ಸೇರಿಸುತ್ತಾರೆ. ಓದುವುದಕ್ಕೆ ಬೇಸರ. ಒಂದು ಲೇಖನಕ್ಕೆ ಒಂದು ಸಲ ಸಾಕು, ಉಳಿದ ಕಡೆ ಸರಳವಾದ ಭೂತಕಾಲವೇ ಚೆನ್ನ.

ಈ ಎರಡು ರೂಪಗಳ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೋಡಲು ಅಪೊಲೊ 13ರ ಕಥೆ ತೆಗೆದುಕೊಳ್ಳಿ. 1970ರ ಏಪ್ರಿಲ್‌ನಲ್ಲಿ ಹೊರಟ ಆ ನೌಕೆಯಿಂದ ಜೇಮ್ಸ್ ಲವೆಲ್ ಮತ್ತು ಫ್ರೆಡ್ ಹೇಸ್ ಚಂದ್ರನ ಮೇಲೆ ಇಳಿಯಬೇಕಿತ್ತು. ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಇಳಿಯುವ ಮಾತು ಬಿಟ್ಟು, ಚಂದ್ರನನ್ನು ಸುತ್ತಿ ಭೂಮಿಗೆ ಜೀವಸಹಿತ ಮರಳಿದರು. ಈಗ 'ಲವೆಲ್ ಆ್ಯಂಡ್ ಹೇಸ್ ವುಡ್ ವಾಕ್ ಆನ್ ದ ಮೂನ್' ಅಂತ ಬರೆದರೆ ಓದುಗರು ಅವರು ಚಂದ್ರನ ಮೇಲೆ ನಡೆದರು ಅಂತಲೇ ತಿಳಿಯುತ್ತಾರೆ. ವ್ಯಾಕರಣ ಸರಿ, ಸಂಗತಿ ಸುಳ್ಳು. 'ವರ್ ಗೋಯಿಂಗ್ ಟು ವಾಕ್ ಆನ್ ದ ಮೂನ್' ಅಂದರೆ ಯೋಜನೆ ಇತ್ತು ಅಂತ ಮಾತ್ರ. ಹಾಗಾಗಿ 'ಬಟ್' ಅಂತ ಮುಂದುವರಿಸಲು ಜಾಗ ಇರುತ್ತದೆ.

ಇದೇ ಕಥೆಗೆ ಇನ್ನೊಂದು ರೂಪವೂ ಹೊಂದುತ್ತದೆ: 'ವಾಸ್ ಟು'. ಪತ್ರಿಕೆಗಳ ಕನ್ನಡದಲ್ಲಿ 'ಮಂತ್ರಿಗಳು ಉದ್ಘಾಟಿಸಲಿದ್ದರು' ಅಂತ ಬರುತ್ತದಲ್ಲ, ಆ 'ಲಿದ್ದರು'ಗೆ ಹತ್ತಿರದ್ದು ಇದು. ಸ್ವಲ್ಪ ಗಂಭೀರ, ಬರಹಕ್ಕೆ ಸರಿ, ಮನೆಮಾತಿಗೆ ಭಾರ. 'ದ ಮೀಟಿಂಗ್ ವಾಸ್ ಟು ಬಿಗಿನ್ ಅಟ್ ಟೆನ್.' ಸಭೆ ಹತ್ತಕ್ಕೆ ಶುರುವಾಗಲಿತ್ತು. ಶುರುವಾಯಿತೋ ಇಲ್ಲವೋ ಈ ವಾಕ್ಯ ಹೇಳುವುದಿಲ್ಲ. ನಡೆಯಲೇ ಇಲ್ಲ ಅಂತ ಖಚಿತವಾಗಿ ತೋರಿಸಬೇಕಾದರೆ 'ವಾಸ್ ಟು ಹ್ಯಾವ್' ಮತ್ತು ಕ್ರಿಯಾಪದದ ಮೂರನೇ ರೂಪ: 'ಅಪೊಲೊ 13 ವಾಸ್ ಟು ಹ್ಯಾವ್ ಲ್ಯಾಂಡೆಡ್ ಆನ್ ದ ಮೂನ್.' ಇಳಿಯಬೇಕಿತ್ತು, ಇಳಿಯಲಿಲ್ಲ, ಎರಡೂ ಒಂದೇ ವಾಕ್ಯದಲ್ಲಿ ಬಂತು.

ಮೊದಲೇ ಗೊತ್ತುಮಾಡಿಕೊಂಡ ಭೇಟಿ, ಪ್ರಯಾಣ ಇಂಥವಕ್ಕೆ ಬರೀ 'ವಾಸ್' ಮತ್ತು 'ಇಂಗ್' ರೂಪ ಸಾಕು. 'ಐ ಕುಡಂಟ್ ಸ್ಟೇ ಲಾಂಗ್. ಐ ವಾಸ್ ಮೀಟಿಂಗ್ ದ ಡಾಕ್ಟರ್ ಅಟ್ ಫೋರ್.' ಜಾಸ್ತಿ ಹೊತ್ತು ಇರಲು ಆಗಲಿಲ್ಲ, ನಾಲ್ಕಕ್ಕೆ ಡಾಕ್ಟರನ್ನು ನೋಡುವುದಿತ್ತು. 'ಅಟ್ ಫೋರ್' ಇಲ್ಲದಿದ್ದರೆ ಆಗಲೇ ಡಾಕ್ಟರ ಮುಂದೆ ಕೂತಿದ್ದೆ ಅನ್ನುವ ಅರ್ಥವೂ ಬಂದೀತು. ಆದ್ದರಿಂದ ಈ ರೂಪದ ಜೊತೆ ಹೊತ್ತು ಹೇಳುವ ಪದ ಇರಲಿ.

'ಇನ್ನೇನು ಹೊರಡಬೇಕು, ಅಷ್ಟರಲ್ಲಿ ಫೋನ್ ಬಂತು.' ಇದಕ್ಕೆ 'ವಾಸ್ ಅಬೌಟ್ ಟು': 'ಐ ವಾಸ್ ಅಬೌಟ್ ಟು ಲೀವ್ ವೆನ್ ದ ಫೋನ್ ರ್‍ಯಾಂಗ್.' ಇನ್ನೊಂದು ಕ್ಷಣದಲ್ಲಿ ಆಗಬೇಕಿದ್ದದ್ದಕ್ಕೆ ಮಾತ್ರ ಇದು. ಮರುವಾರದ ಪ್ರಯಾಣಕ್ಕೆ 'ಅಬೌಟ್ ಟು' ಹಾಕಿದರೆ ಹೊಂದುವುದಿಲ್ಲ.

ಕೊನೆಯದು 'ಬರಬೇಕಿತ್ತು'. ಇದರಲ್ಲಿ ನಾವು ಎರಡು ಅರ್ಥ ಒಟ್ಟಿಗೆ ಇಟ್ಟುಕೊಂಡಿದ್ದೇವೆ. ಬರುವುದು ಅಂತ ಗೊತ್ತಾಗಿತ್ತು ಅನ್ನುವುದಾದರೆ 'ವಾಸ್ ಸಪೋಸ್ಡ್ ಟು ಕಮ್'. ಬಾರದೆ ತಪ್ಪು ಮಾಡಿದೆ ಅಂತ ಆಕ್ಷೇಪಿಸುವುದಾದರೆ 'ಶುಡ್ ಹ್ಯಾವ್ ಕಮ್'. ಹಿಂದಿನಿಂದ ಮುಂದಕ್ಕೆ ನೋಡುವುದು ಮೊದಲನೆಯದು. ಎರಡನೆಯದು ಈಗಿನಿಂದ ಹಿಂದಕ್ಕೆ ನೋಡಿ ಬೈಯುವುದು. ಆಫೀಸಿನ ಇ-ಮೇಲ್‌ನಲ್ಲಿ ಇವೆರಡು ಅದಲುಬದಲಾದರೆ ಸುಮ್ಮನೆ ಮನಸ್ತಾಪ. 'ಯೂ ವರ್ ಸಪೋಸ್ಡ್ ಟು' ಕೂಡ ದನಿ ಏರಿಸಿದರೆ ಆಕ್ಷೇಪವೇ ಆಗುತ್ತದೆ. ಹಾಗಾಗಿ 'ದ ರಿಪೋರ್ಟ್ ವಾಸ್ ಸಪೋಸ್ಡ್ ಟು ಕಮ್ ಆನ್ ಮಂಡೇ' ಅಂತ ವ್ಯಕ್ತಿಯನ್ನು ಬಿಟ್ಟು ಕೆಲಸದ ಮೇಲೆ ಮಾತು ಇಡುವುದು ಕ್ಷೇಮ.

ನಾಲ್ಕನೇ ಹೆಜ್ಜೆ: 'ನಾಳೆ' ಯಾರ ನಾಳೆ ಅಂತ ನೋಡಿ

'ನಾಳೆ ಬರ್ತೀನಿ ಅಂದ.' ಕನ್ನಡದಲ್ಲಿ ಈ ನಾಳೆ ಸಾಮಾನ್ಯವಾಗಿ ಅವನ ನಾಳೆ. ಸೋಮವಾರ ಹೇಳಿದ್ದರೆ ಮಂಗಳವಾರ. ಇಂಗ್ಲಿಷ್‌ನ 'ಟುಮಾರೊ' ಹಾಗಲ್ಲ, ಅದು ಈಗ ಮಾತಾಡುತ್ತಿರುವ ನಿಮ್ಮ ನಾಳೆ. ಶುಕ್ರವಾರದ ದಿನ ನೀವು 'ಹೀ ಸೆಡ್ ಹೀ ವುಡ್ ಕಮ್ ಟುಮಾರೊ' ಅಂದರೆ ಕೇಳಿದವರು ಶನಿವಾರ ಕಾಯುತ್ತಾರೆ. ಮಂಗಳವಾರ ಅಂತ ತಿಳಿಯಬೇಕಾದರೆ 'ದ ನೆಕ್ಸ್ಟ್ ಡೇ' ಅನ್ನಬೇಕು. 'ನೆಕ್ಸ್ಟ್ ವೀಕ್' ಇದ್ದದ್ದು 'ದ ಫಾಲೋಯಿಂಗ್ ವೀಕ್', 'ಟುನೈಟ್' ಇದ್ದದ್ದು 'ದಟ್ ನೈಟ್'.

ಹಾಗಾದರೆ 'ಸೆಡ್' ಆದ ಮೇಲೆ 'ವಿಲ್' ಬರಲೇಬಾರದೇ? ಬರಬಹುದು. ಆ ಕೆಲಸ ಈಗಲೂ ಮುಂದೆಯೇ ಇದ್ದರೆ. ಬೆಳಿಗ್ಗೆ ಹೇಳಿದ್ದು, ಕೆಲಸ ನಾಳೆ, ನೀವು ಮಾತಾಡುತ್ತಿರುವುದು ಇವತ್ತು ಸಂಜೆ. ಆಗ 'ಶೀ ಸೆಡ್ ಶೀ ವಿಲ್ ಕಮ್ ಟುಮಾರೊ' ತಪ್ಪಲ್ಲ. 'ವುಡ್' ಹಾಕಿದರೂ ತಪ್ಪಲ್ಲ. ಸಂಶಯವಿದ್ದಾಗ 'ವುಡ್' ಹಾಕಿಬಿಡಿ, ಅದು ಎರಡೂ ಕಡೆ ನಡೆಯುತ್ತದೆ.

ಐದನೇ ಹೆಜ್ಜೆ: 'ವೆನ್' ಇರುವ ತುಂಡಿಗೆ 'ವುಡ್' ಬೇಡ

'ಮನೆ ತಲುಪಿದ ಮೇಲೆ ಫೋನ್ ಮಾಡ್ತೀನಿ ಅಂದಳು.' 'ಶೀ ಸೆಡ್ ಶೀ ವುಡ್ ಕಾಲ್ ವೆನ್ ಶೀ ರೀಚ್ಡ್ ಹೋಮ್.' ತಲುಪುವುದೂ ಆಗ ಮುಂದಿನದ್ದೇ, ಆದರೂ 'ವೆನ್ ಶೀ ವುಡ್ ರೀಚ್' ಅನ್ನುವ ಹಾಗಿಲ್ಲ. 'ಬಿಫೋರ್', 'ಆಫ್ಟರ್', 'ಅಂಟಿಲ್', 'ಆ್ಯಸ್ ಸೂನ್ ಆ್ಯಸ್' ಆದ ಮೇಲೂ ಇದೇ ನಿಯಮ. ಷರತ್ತು ಹೇಳುವ 'ಇಫ್' ಆದ ಮೇಲೂ ಅಷ್ಟೇ. ಅಲ್ಲೆಲ್ಲ ಸರಳ ಭೂತಕಾಲ. ಇದರಲ್ಲಿ ಕನ್ನಡ ನಮ್ಮ ಪರವಾಗಿದೆ. 'ತಲುಪಿದ ಮೇಲೆ', 'ಬಂದರೆ' ಅಂತ ನಾವೂ ಅಲ್ಲಿ ಭವಿಷ್ಯದ ರೂಪ ಬಳಸುವುದಿಲ್ಲ, ಅಲ್ವಾ?

ಗೊಂದಲವಾಗುವುದು 'ಯಾವಾಗ' ಅನ್ನುವ 'ವೆನ್' ಬಂದಾಗ. 'ಯಾವಾಗ ತಲುಪುತ್ತೀಯ ಅಂತ ಕೇಳಿದೆ.' ಇದು ಪ್ರಶ್ನೆ. ಇಲ್ಲಿ 'ವುಡ್' ಬೇಕು: 'ಐ ಆಸ್ಕ್ಡ್ ವೆನ್ ಶೀ ವುಡ್ ರೀಚ್ ಹೋಮ್.' ಕನ್ನಡದಲ್ಲಿ 'ಯಾವಾಗ' ಬಂದರೆ 'ವುಡ್' ಇರಲಿ, 'ದಾಗ' ಅಥವಾ 'ದ ಮೇಲೆ' ಬಂದರೆ ಬೇಡ. ಜೊತೆಗೆ ಪದಗಳ ಸಾಲನ್ನೂ ನೋಡಿಕೊಳ್ಳಿ. 'ವೆನ್ ವುಡ್ ಶೀ ರೀಚ್' ಅಂತ ತಿರುಗಿಸುವುದು ನೇರ ಪ್ರಶ್ನೆಗೆ ಮಾತ್ರ.

ಬೇರೆ 'ವುಡ್'ಗಳು

ಕಂಡ ಕಂಡ 'ವುಡ್' ಎಲ್ಲ ಇದೇ ಅಲ್ಲ. 'ಎವ್ರಿ ಈವ್ನಿಂಗ್ ಹೀ ವುಡ್ ವಾಕ್ ಬೈ ದ ರಿವರ್' ಅಂದರೆ ದಿನಾ ಸಂಜೆ ನಡೆಯುತ್ತಿದ್ದ ಅಂತ, ರೂಢಿಯ ಮಾತು. 'ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್' ಅಂದರೆ ಹೊತ್ತಿದ್ದಿದ್ದರೆ ಬರ್ತಿದ್ದೆ ಅಂತ, ಅದು ಷರತ್ತು. 'ದ ಕಾರ್ ವುಡಂಟ್ ಸ್ಟಾರ್ಟ್' ಅಂದರೆ ಕಾರು ಏನು ಮಾಡಿದರೂ ಸ್ಟಾರ್ಟ್ ಆಗಲೊಲ್ಲದು. ಪರೀಕ್ಷೆ ಸುಲಭ. ವಾಕ್ಯವನ್ನು ಆ ಹಿಂದಿನ ಹೊತ್ತಿಗೆ ತೆಗೆದುಕೊಂಡು ಹೋಗಿ 'ವುಡ್' ಜಾಗದಲ್ಲಿ 'ವಿಲ್' ಇಟ್ಟು ನೋಡಿ. ಮುಂದೆ ಆಗುವ ಒಂದು ಸಂಗತಿ ಅನ್ನುವ ಅರ್ಥ ಬಂದರೆ ಅದು ಫ್ಯೂಚರ್ ಇನ್ ದ ಪಾಸ್ಟ್.

ಅಭ್ಯಾಸಕ್ಕೆ

ಒಂದು ಯೋಜನೆ ಬರೆದು, ಅದು ಹೋದ ವರ್ಷದ್ದು ಅಂತ ಅಂದುಕೊಂಡು ಹಿಂದಕ್ಕೆ ಸರಿಸಿ. ಉದಾಹರಣೆಗೆ: 'ಐ ಆ್ಯಮ್ ಸ್ಟಾರ್ಟಿಂಗ್ ಎ ನ್ಯೂ ಜಾಬ್ ಟುಮಾರೊ. ಐ ಆ್ಯಮ್ ಗೋಯಿಂಗ್ ಟು ವೇಕ್ ಅಪ್ ಅಟ್ ಫೈವ್. ಐ ವಿಲ್ ವಾಕ್ ಬಿಫೋರ್ ಐ ಲೀವ್. ಐ ಥಿಂಕ್ ಇಟ್ ವಿಲ್ ಬಿ ಈಸಿ.' ಸರಿಸಿದ ಮೇಲೆ: 'ಐ ವಾಸ್ ಸ್ಟಾರ್ಟಿಂಗ್ ಎ ನ್ಯೂ ಜಾಬ್ ದ ನೆಕ್ಸ್ಟ್ ಡೇ. ಐ ವಾಸ್ ಗೋಯಿಂಗ್ ಟು ವೇಕ್ ಅಪ್ ಅಟ್ ಫೈವ್. ಐ ಟೋಲ್ಡ್ ಮೈಸೆಲ್ಫ್ ಐ ವುಡ್ ವಾಕ್ ಬಿಫೋರ್ ಐ ಲೆಫ್ಟ್. ಐ ಥಾಟ್ ಇಟ್ ವುಡ್ ಬಿ ಈಸಿ.' ಮೂರನೇ ವಾಕ್ಯಕ್ಕೆ 'ಐ ಟೋಲ್ಡ್ ಮೈಸೆಲ್ಫ್' ಸೇರಿಸಿದ್ದು ಬೇಕಂತಲೇ. ಬರೀ 'ಐ ವುಡ್ ವಾಕ್' ಅಂದಿದ್ದರೆ ದಿನಾ ನಡೆಯುತ್ತಿದ್ದೆ ಅನ್ನುವ ರೂಢಿಯ ಅರ್ಥ ಬಂದುಬಿಡುತ್ತಿತ್ತು.

ಇನ್ನು ಈ ಐದನ್ನು ಉತ್ತರ ನೋಡದೆ ಪ್ರಯತ್ನಿಸಿ. ಒಂದು, ಮಳೆ ಬರಲ್ಲ ಅಂದುಕೊಂಡಿದ್ದೆ. ಎರಡು, ನಿನಗೆ ಹೇಳೋಣ ಅಂತಿದ್ದೆ, ನೀನೇ ಮೊದಲು ಕೇಳಿದೆ. ಮೂರು, ಪರೀಕ್ಷೆ ಯಾವಾಗ ಶುರುವಾಗುತ್ತೆ ಅಂತ ಕೇಳಿದಳು. ನಾಲ್ಕು, ಕೆಲಸ ಮುಗಿಸಿದ ಮೇಲೆ ಬರ್ತೀವಿ ಅಂದರು. ಐದು, ರೈಲು ಆರಕ್ಕೆ ಬರಬೇಕಿತ್ತು.

ಮೊದಲನೆಯದಕ್ಕೆ 'ಐ ಥಾಟ್ ಇಟ್ ವುಡಂಟ್ ರೇನ್' ಸರಿ. ಇಂಗ್ಲಿಷ್‌ನವರ ಬಾಯಲ್ಲಿ ಜಾಸ್ತಿ ಬರುವುದು 'ಐ ಡಿಡಂಟ್ ಥಿಂಕ್ ಇಟ್ ವುಡ್ ರೇನ್'. 'ಇಲ್ಲ' ಅನ್ನುವುದನ್ನು ಅವರು ಮೊದಲು ಬರುವ ಕ್ರಿಯಾಪದಕ್ಕೇ ಅಂಟಿಸುತ್ತಾರೆ. ಎರಡನೆಯದು 'ಐ ವಾಸ್ ಗೋಯಿಂಗ್ ಟು ಟೆಲ್ ಯೂ, ಬಟ್ ಯೂ ಆಸ್ಕ್ಡ್ ಫಸ್ಟ್'. ಬಾಯಿ ತೆರೆಯುವಷ್ಟರಲ್ಲೇ ಕೇಳಿದ್ದರೆ 'ವಾಸ್ ಅಬೌಟ್ ಟು'. ಮೂರನೆಯದು 'ಶೀ ಆಸ್ಕ್ಡ್ ವೆನ್ ದ ಎಕ್ಸಾಮ್ ವುಡ್ ಸ್ಟಾರ್ಟ್'. ನಾಲ್ಕನೆಯದು 'ದೇ ಸೆಡ್ ದೇ ವುಡ್ ಕಮ್ ಆಫ್ಟರ್ ದೇ ಫಿನಿಶ್ಡ್ ದ ವರ್ಕ್'. ಐದನೆಯದು 'ದ ಟ್ರೇನ್ ವಾಸ್ ಸಪೋಸ್ಡ್ ಟು ಕಮ್ ಅಟ್ ಸಿಕ್ಸ್'. ರೈಲು, ಬಸ್ಸು, ವಿಮಾನದಂತೆ ವೇಳಾಪಟ್ಟಿ ಇರುವವಕ್ಕೆ 'ವಾಸ್ ಡ್ಯೂ ಅಟ್ ಸಿಕ್ಸ್' ಇನ್ನೂ ಚಿಕ್ಕದು, ಇನ್ನೂ ಸಹಜ.